ಬೆಸುಗೆಯ ಪಕ್ಕ ಬಿರುಕು: ವೆಲ್ಡಿಂಗ್ ಮಾಡಿಸಬಹುದೇ?

ನಿಮ್ಮ ಸೈಕಲ್ ಫ್ರೇಮಿನ ಮೇಲಿನ ಗೆರೆಯ ಫೋಟೊ ಕಳಿಸಿ, ವೆಲ್ಡಿಂಗ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಸೀಟಿನ ಕೊಳವೆಯ ಬೆಸುಗೆಗೆ ಅಂಟಿಕೊಂಡೇ ಗೆರೆ ಬಂದಿದೆ ಎಂದರೆ ಅದು ಬಹುತೇಕ ಮತ್ತೆ ಮತ್ತೆ ಭಾರ ಬಿದ್ದು ಲೋಹ ದಣಿದು ಬಿಟ್ಟ ಬಿರುಕು. ಬಣ್ಣ ಮಾತ್ರ ಒಡೆದಿರಲೂಬಹುದು, ಫೋಟೊ ನೋಡಿ ಹೇಳಲಾಗದು. ನವಲೂರಿನಿಂದ ಹುಬ್ಬಳ್ಳಿಯವರೆಗಿನ ನಿಮ್ಮ ದಿನದ ಸವಾರಿಯನ್ನು ಇಂದೇ ನಿಲ್ಲಿಸಿ.

ಮೊದಲು ಬಿಲ್ ಹುಡುಕಿ. ವಾರಂಟಿ ಇದ್ದರೆ ಗೆರೆಯನ್ನು ಮುಟ್ಟದೆ ಅಂಗಡಿಗೆ ಒಯ್ಯಿರಿ. ಇಲ್ಲದಿದ್ದರೆ ಸ್ಯಾಂಡ್‌ಪೇಪರಿನಿಂದ ಬಣ್ಣ ತೆಗೆದು ನೋಡಿ; ಲೋಹದಲ್ಲೂ ಗೆರೆ ಕಂಡರೆ ಬಿರುಕೇ.

ಆಮೇಲೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ನುರಿತ ವೆಲ್ಡರ್ ಸರಿಪಡಿಸಬಲ್ಲರು. ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಅದಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಸೈಕಲ್ ಫ್ರೇಮುಗಳಿಗೆ ಹೆಚ್ಚಾಗಿ ಬಳಸುವ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಬೆಸುಗೆಯ ಕಾವಿಗೆ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಇಡೀ ಫ್ರೇಮನ್ನು ಕುಲುಮೆಗಿಟ್ಟು ಮತ್ತೆ ಹದಕ್ಕೆ ತರುತ್ತಾರೆ, ಬೀದಿಯ ಅಂಗಡಿಯಲ್ಲಿ ಆ ಕೆಲಸ ಆಗದು. ಫ್ರೇಮ್ ಬದಲಿಸಿ, ಚಕ್ರ, ಬ್ರೇಕುಗಳನ್ನು ಅಳತೆ ಹೊಂದಿದರೆ ಉಳಿಸಿಕೊಳ್ಳಬಹುದು.