ಒಂಬತ್ತು ಫಾರಂ, ಒಂದು ಕತೆ ಕಡಿಮೆ

(ಓದುಗರ ಪ್ರಶ್ನೆ, ಬರಹಗಾರ್ತಿಯ ಉತ್ತರ)

ಪ್ರಶ್ನೆ: ನನಗೆ 36 ವರ್ಷ. ಎಂಟು ವರ್ಷದಲ್ಲಿ ಬರೆದ 13 ಕತೆಗಳನ್ನು ನಾನೇ ಪುಸ್ತಕ ಮಾಡಲು ಹೊರಟಿದ್ದೇನೆ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮುಗಿದು ಮೂರು ತಿಂಗಳಾಯಿತು. ಅಚ್ಚಿಗೆ ಮುಂಚೆ ತಿದ್ದುವ ಪ್ರತಿ, ಪ್ರೂಫ್, ಇನ್ನೂ ನನ್ನ ಹತ್ತಿರವೇ ಇದೆ. ತಿದ್ದುತ್ತೇನೆ, ಮತ್ತೆ ತಿದ್ದುತ್ತೇನೆ. ಉಳಿದ ಹೊತ್ತೆಲ್ಲ ಪೇಪರ್ ಯಾವುದು, ಮುಖಪುಟ ಹೇಗಿರಲಿ, ಬೆಲೆ ಎಷ್ಟಿಡಲಿ ಅನ್ನುವುದಕ್ಕೇ ಹೋಗುತ್ತದೆ. ಹೊಸದಾಗಿ ಒಂದು ಸಾಲೂ ಬರೆದಿಲ್ಲ. ಬರೆಯುವವಳು ಹೋಗಿ ಬರೀ ಲೆಕ್ಕ ಹಾಕುವವಳಾಗಿಬಿಟ್ಟೆನೇನೋ ಅಂತ ಭಯ. ಪ್ರೆಸ್ಸಿಗೆ ಕಳಿಸಲು ಧೈರ್ಯವೂ ಬರುತ್ತಿಲ್ಲ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು. 2016ರಲ್ಲಿ ನನ್ನ ಮೊದಲ ಕಥಾಸಂಕಲನವನ್ನು ನಾನೇ ಪ್ರಕಟಿಸಿದೆ. ಆಗ ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ವಯಸ್ಸು 52. ಪುಸ್ತಕದ ತಯಾರಿಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ನಾನೂ ಏನೂ ಬರೆಯಲಿಲ್ಲ. ಆದರೆ ಕತೆ ಬರೆದ ಅಷ್ಟೂ ವರ್ಷಗಳಿಗಿಂತ ಆ ಏಳು ತಿಂಗಳೇ ನನ್ನನ್ನು ಜಾಸ್ತಿ ಬದಲಾಯಿಸಿದವು. ಅದೂ ನೀವು ಬೇಸರದಿಂದ ಪಟ್ಟಿ ಮಾಡಿದ್ದೀರಲ್ಲ, ಅದೇ ಕೆಲಸಗಳಿಂದ.

ಮೊದಲು ಫಾರಂ ಲೆಕ್ಕ. ನಮ್ಮ ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ, ನಿಮಗೂ ಈಗ ಗೊತ್ತಾಗಿರುತ್ತದೆ. ನನ್ನ 12 ಕತೆ, ಮುನ್ನುಡಿ, ಪರಿವಿಡಿ ಎಲ್ಲ ಸೇರಿ 154 ಪುಟ ಬಂತು. ಡಿಟಿಪಿ ಮಾಡುತ್ತಿದ್ದ ಹುಡುಗಿ ಹೇಳಿದಳು: "ಮೇಡಂ, ಹತ್ತು ಫಾರಂ ಮಾಡಿದ್ರೆ ಕೊನೆಗೆ ಆರು ಪುಟ ಖಾಲಿ ಬಿಡಬೇಕು. ಹತ್ತು ಪುಟ ಕಡಿಮೆ ಆದ್ರೆ ಒಂಬತ್ತು ಫಾರಂಗೆ ಸರಿಯಾಗಿ ಕೂರುತ್ತೆ. ದುಡ್ಡೂ ಉಳಿಯುತ್ತೆ." ಸರಿಯಾಗಿ ಹತ್ತು ಪುಟದ ಕತೆ ಒಂದೇ ಒಂದಿತ್ತು. ಅಪ್ಪನ ಅಡಿಕೆ ತೋಟ ಪಾಲಾದಾಗಿನ ಕತೆ. ಹನ್ನೆರಡರಲ್ಲಿ ನನಗೆ ತೀರಾ ಪ್ರೀತಿಯದು ಅದೇ.

ಅದನ್ನು ಉಳಿಸಿಕೊಳ್ಳಲು ಒಂದು ಕಾರಣ ಸಿಗಲಿ ಅಂತಲೇ ಆ ರಾತ್ರಿ ಮತ್ತೆ ಓದಿದೆ. ಓದುತ್ತಾ ಹೋದಂತೆ ಎದೆ ಭಾರವಾಯಿತು. ಅದರಲ್ಲಿ ಅಣ್ಣನ ಪಾತ್ರ ಬಾಯಿ ತೆರೆದಾಗಲೆಲ್ಲ ಕೆಟ್ಟದ್ದನ್ನೇ ಆಡುತ್ತಿತ್ತು. ತಂಗಿ ಒಂದು ಸಲವೂ ತಪ್ಪು ಮಾಡುತ್ತಿರಲಿಲ್ಲ. ನಮ್ಮಣ್ಣನ ಎದುರು ನಿಂತು ಹೇಳಲಾಗದ ಮಾತನ್ನು ನಾನು ಕತೆ ಅಂತ ಹೆಸರಿಟ್ಟು ಬರೆದಿಟ್ಟಿದ್ದೆ. ಐದು ವರ್ಷ ಅದು ನನಗೆ ಕಂಡಿರಲಿಲ್ಲ. ಫಾರಂ ಲೆಕ್ಕ ಬರದಿದ್ದರೆ ಕಾಣುತ್ತಲೂ ಇರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿ ಆ ಕತೆ ತೆಗೆಯಲು ಹೇಳಿದೆ. ಮುಂದಿನ ಭಾನುವಾರ ತವರಿಗೆ ಹೋದೆ. ತೋಟದ ವಿಷಯ ಎತ್ತಿದೆ. ಜೋರು ಮಾತೇ ಆಯಿತು. ಅತ್ತಿಗೆ ಎರಡು ಸಲ ಕಾಫಿ ಬಿಸಿ ಮಾಡಿ ತಂದರು. ಪಾಲು ಪಡೆದಾಗ ತನ್ನ ಹೆಗಲ ಮೇಲೆ ಎಷ್ಟು ಸಾಲವಿತ್ತು ಅಂತ ಅಣ್ಣ ಮೊದಲ ಸಲ ಹೇಳಿದ. ನನಗೆ ಗೊತ್ತೇ ಇರಲಿಲ್ಲ. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಬಂದ. ನಮ್ಮ ನಡುವೆ ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಮಾತನ್ನು ಅವನಿಗೇ ಹೇಳಿದೆ, ಅವನ ಮಾತನ್ನೂ ಕೇಳಿದೆ.

ಆಮೇಲೆ ಪ್ರೂಫ್. ನಾನು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡ್ ಅನ್ನುವ ಹೊಸ ಅಕ್ಷರ ಪದ್ಧತಿಗೆ ಬದಲಾಯಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಸುಮ್ನೆ ಕಣ್ಣಾಡಿಸಿದರೆ ಸಿಗುತ್ತಿರಲಿಲ್ಲ. ನಾವು ಬರೆದದ್ದು ನಮಗೆ ಬಾಯಿಪಾಠ ಆಗಿರುತ್ತದೆ, ಕಣ್ಣು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ಅದಕ್ಕೆ ಗಟ್ಟಿಯಾಗಿ ಓದಲು ಶುರು ಮಾಡಿದೆ. ದಸರಾ ರಜೆ. ಅತ್ತೆಗೆ ಆಗ 81. ಕಣ್ಣಿಗೆ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ಅವರಿಗೇ ಓದಿ ಹೇಳಿದೆ.

ನಾಲ್ಕನೇ ಕತೆ ಮುಗಿಯಿತು. ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು: "ಆ ಮನೇಲಿ ಅತ್ತೆ ಇದಾಳಲ್ಲ, ಅವಳು ಯಾಕೆ ಒಂದೂ ಮಾತಾಡಲ್ಲ? ಅವಳಿಗೂ ಹೇಳೋದು ಏನೋ ಇರುತ್ತೆ, ಅಲ್ವಾ?"

ಆ ಕತೆಯ ಸೊಸೆಗೆ ನಾನು ಎರಡು ಪುಟದ ಮಾತು ಕೊಟ್ಟಿದ್ದೆ. ಅತ್ತೆಯನ್ನು ಬಾಗಿಲಲ್ಲಿ ನಿಲ್ಲಿಸಿ ಮರೆತಿದ್ದೆ. ನಾನೂ ನಮ್ಮ ಅತ್ತೆಯೂ 28 ವರ್ಷ ಒಂದೇ ಮನೆಯಲ್ಲಿದ್ದೆವು. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅನ್ನುವುದು ಬಿಟ್ಟು ನಾನು ಅವರನ್ನು ಏನು ಕೇಳಿದ್ದೆ? ಆ ಮಧ್ಯಾಹ್ನ ಕೇಳಿದೆ. "ನೀವಾಗಿದ್ದರೆ ಏನು ಹೇಳ್ತಿದ್ರಿ?" ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳುತ್ತಾ ಹೋದರು. ನಾನು ಪ್ರೂಫಿನ ಹಿಂಬದಿಯಲ್ಲಿ ಬರೆದುಕೊಂಡೆ. ಕೊನೆಗೆ ಅದು ಮುಕ್ಕಾಲು ಪುಟವಾಯಿತು. ಆ ಕತೆಯ ಕೊನೆಯ ಪುಟದಲ್ಲಿ ಅಷ್ಟು ಜಾಗ ಖಾಲಿ ಇತ್ತು, ಒಂಬತ್ತು ಫಾರಂ ದಾಟಲಿಲ್ಲ. ಇವತ್ತಿಗೂ ನನ್ನ ಪುಸ್ತಕ ಓದಿದವರು ಮೊದಲು ಹೇಳುವುದು ಆ ಸಾಲುಗಳನ್ನೇ. ಅತ್ತೆ ಈಗಿಲ್ಲ. ಅವರ ಜೊತೆ ನಾನು ನಿಜವಾಗಿ ಮಾತಾಡಲು ಶುರು ಮಾಡಿದ್ದು ಆ ರಜೆಯಲ್ಲಿ. ಆಮೇಲೆ ಮೂರು ವರ್ಷ ಸಿಕ್ಕಿತು.

ಈಗ ನಿಮ್ಮ ಪ್ರೂಫಿಗೆ ಬರೋಣ. ಮೂರು ತಿಂಗಳಲ್ಲಿ ಏನೇನು ತಿದ್ದಿದ್ದೀರಿ, ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪಾತ್ರಕ್ಕೆ ಅನ್ಯಾಯವಾಗಿದ್ದು ಕಂಡಿತು, ಒಂದು ಸುಳ್ಳು ಕಂಡಿತು ಅಂತಿದ್ದರೆ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಿ, ತಪ್ಪೇನಿಲ್ಲ. ನಾನು ಕೊನೆಯ ತಿಂಗಳಲ್ಲಿ 'ಹಿತ್ತಲು' ಅಂತಿದ್ದದ್ದನ್ನು 'ಹಿತ್ತಿಲು' ಮಾಡಿದೆ, ಎರಡು ವಾರ ಬಿಟ್ಟು ವಾಪಸ್ 'ಹಿತ್ತಲು' ಮಾಡಿದೆ. ನಿಮ್ಮ ಪಟ್ಟಿಯಲ್ಲಿ ಇಂಥದ್ದೇ ಇದ್ದರೆ ಅದು ಭಯ. ಭಯಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಪ್ರೆಸ್ಸಿನವರ ಹತ್ತಿರ ತಾರೀಕು ಹಾಕಿಸಿಕೊಂಡು ಅಡ್ವಾನ್ಸ್ ಕೊಟ್ಟುಬಿಡುವುದು. ನಾನು ಹಾಗೇ ಮಾಡಿದೆ. 500 ಪ್ರತಿಗೆ ಡಿಟಿಪಿ, ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಆಗ 31 ಸಾವಿರ ಆಯಿತು. ಚೀಟಿ ಎತ್ತಿದ ದುಡ್ಡು.

ಕಳಿಸುವ ಮೊದಲು ಬರಹಗಾರರಲ್ಲದ ಒಬ್ಬರಿಗೆ ಪೂರ್ತಿ ಓದಿ ಹೇಳಿ. ಅವರು ಹೊಗಳುವುದು ಬೇಡ, ಎಲ್ಲಿ ಆಕಳಿಸಿದರು, ಎಲ್ಲಿ ಪ್ರಶ್ನೆ ಕೇಳಿದರು ಅಂತ ಗುರುತು ಹಾಕಿಕೊಳ್ಳಿ. ಅಷ್ಟಾದರೂ ತಪ್ಪು ಉಳಿಯುತ್ತದೆ. ನನ್ನ ಪುಸ್ತಕದ 87ನೇ ಪುಟದಲ್ಲಿ ಒಂದು ಹೆಸರು ತಪ್ಪಾಗಿ ಅಚ್ಚಾಗಿದೆ. ಒಬ್ಬ ಓದುಗರು ಕಾರ್ಡ್ ಬರೆದು ತಿಳಿಸಿದರು. ಮೊದಲ ದಿನ ನಿದ್ದೆ ಬರಲಿಲ್ಲ. ಆಮೇಲೆ ಅನ್ನಿಸಿತು, ಇವರು 87ನೇ ಪುಟದವರೆಗೆ ಅಷ್ಟು ಗಮನ ಕೊಟ್ಟು ಓದಿದ್ದಾರೆ! ಆ ಕಾರ್ಡ್ ಇನ್ನೂ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸ್ವಂತ ದುಡ್ಡಿನಲ್ಲಿ ಪುಸ್ತಕ ತಂದರೆ "ಯಾರೂ ಹಾಕಲಿಲ್ಲ ಅಂತ ತಾನೇ ಹಾಕಿಕೊಂಡ" ಅಂತ ಗೆಳೆಯರು ಆಡುತ್ತಾರೆ. ಅದು ನಿಜವಾಗಿ ಕೀಳೇ?
– ಓದುಗರು, ಕಲಬುರಗಿ

ಉತ್ತರ: ಖಂಡಿತ ಅಲ್ಲ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದವರು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಬೆಳೆದದ್ದರಲ್ಲಿ ಆ ಹೊರೆಯ ಪಾಲು ದೊಡ್ಡದು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ ಇಟ್ಟುಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದರು. ಆದರೆ ಒಂದು ಮಾತು. ಬೇರೆ ಪ್ರಕಾಶಕರಿದ್ದರೆ "ಇದು ಬೇಡ" ಅನ್ನಲು ಒಬ್ಬರು ಇರುತ್ತಾರೆ. ನಮ್ಮದೇ ಪ್ರಕಟಣೆಯಲ್ಲಿ ಆ ಮಾತನ್ನೂ ನಾವೇ ಹೇಳಿಕೊಳ್ಳಬೇಕು. ನಿಮ್ಮ ಗೆಳೆಯರಲ್ಲೇ ಖಡಕ್ಕಾಗಿ ಮಾತಾಡುವ ಒಬ್ಬರಿಗೆ ಹಸ್ತಪ್ರತಿ ಕೊಡಿ. ಅವರು ಬೇಡ ಅಂದದ್ದನ್ನು ಒಂದು ವಾರ ಬಿಟ್ಟು ನೀವೇ ಓದಿ ತೀರ್ಮಾನಿಸಿ.

ಪ್ರಶ್ನೆ: ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡಿಸುತ್ತೇನೆ ಅಂತ ಒಬ್ಬರು ಮೂರು ಸಾವಿರ ಕೇಳುತ್ತಿದ್ದಾರೆ. ಕೊಡಬೇಕಾ? ಇದು ನನ್ನ ಮೊದಲ ಪುಸ್ತಕ.
– ಓದುಗರು, ಹೊಸಪೇಟೆ

ಉತ್ತರ: ಕೊಡಬೇಡಿ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಅಲ್ಲಿ ಅದಕ್ಕೆ ಶುಲ್ಕವಿಲ್ಲ. ಲೇಖಕರೂ ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಚ್ಚಿನ ಪುಸ್ತಕಕ್ಕೆ ಒಂದು ಸಂಖ್ಯೆ, ಇ-ಪುಸ್ತಕ ಮಾಡಿದರೆ ಅದಕ್ಕೆ ಬೇರೆಯದು. ಕೊನೆಯ ಗಳಿಗೆಯವರೆಗೆ ಕಾಯಬೇಡಿ, ಹಿಂಬದಿ ರಕ್ಷಾಪುಟ ಮುಗಿಸಲು ಆ ಸಂಖ್ಯೆ ಬೇಕಾಗುತ್ತದೆ. ನೀವು ಚಿಕ್ಕ ವಯಸ್ಸಿನವರಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅವರು ಪ್ರೋತ್ಸಾಹಧನ ಕೊಡುತ್ತಾರೆ.

ಪುಸ್ತಕ ಬಂದ ಮೇಲೆ ಇನ್ನೊಂದು ಕೆಲಸ ಇದೆ, ತುಂಬಾ ಜನ ಬಿಟ್ಟುಬಿಡುತ್ತಾರೆ. 1954ರ ಕಾಯ್ದೆ ಪ್ರಕಾರ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಪ್ರಕಾಶಕರು ಅಂದರೆ ಇಲ್ಲಿ ನೀವೇ.

ಐಎಸ್‌ಬಿಎನ್ ಅರ್ಜಿ ತುಂಬುವಾಗಲೂ ಆ ಜಾಗ ಬರುತ್ತದೆ: ಪ್ರಕಾಶಕರ ಹೆಸರು. ನಾನು ಅಲ್ಲಿಗೆ ಬಂದು ನಿಂತೆ. ಯಜಮಾನರ ಹೆಸರು ಹಾಕಲಾ ಅಂತ ಒಂದು ಕ್ಷಣ ಯೋಚನೆ ಬಂತು, ಮನೆಯಲ್ಲಿ ಎಲ್ಲ ಕಾಗದದ ಮೇಲೂ ಅವರದೇ ಹೆಸರು ರೂಢಿ. ಅವರು ಪಕ್ಕದಲ್ಲೇ ಕೂತಿದ್ದರು. "ನಿಂದೇ ಹಾಕು" ಅಂದರು. ನನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡಿದೆ.