ಹಳ್ಳಿ ಶಾಲೆಯ ಮಕ್ಕಳು ಗೂನು ಹಾಕಿಕೊಂಡು ಕೂರುವುದು ಏಕೆ?

ಶನಿವಾರಗಳಂದು ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಹೇಳುತ್ತೀರಿ, ಅರ್ಧ ತರಗತಿ ಬೆನ್ನು ಬಾಗಿಸಿಕೊಂಡೇ ಕೂರುತ್ತದೆ, ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಪಾವಗಡ ಕಡೆಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ವ್ಯಾಯಾಮ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಮಕ್ಕಳ ಪುಸ್ತಕ ಎಷ್ಟು ಎತ್ತರದಲ್ಲಿದೆ ಎಂದು ನೋಡಿ.

ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದರಿಂದ ಕೆಡುಕಿಲ್ಲ. ನೆಲದ ಮೇಲೆಯೇ ಪುಸ್ತಕವಿಟ್ಟು ಗಂಟೆಗಟ್ಟಲೆ ಬರೆಯಬೇಕಾದಾಗ ಕತ್ತು, ಬೆನ್ನು ಎರಡೂ ಬಾಗಲೇಬೇಕು. ಪುರಾಣ ಓದುವವರಿಗೆ ಪುಸ್ತಕ ಎತ್ತರಿಸಿ ಇಡುವ ವ್ಯಾಸಪೀಠ ಬೇಕೆಂದು ನಮ್ಮ ಹಿರಿಯರಿಗೆ ತಿಳಿದಿತ್ತು. ಮಕ್ಕಳಿಗೆ ಮಾತ್ರ ಜಮಖಾನೆ ಹಾಸಿದರೆ ಸಾಕೆಂದುಕೊಂಡಿದ್ದೇವೆ. ನಮ್ಮಲ್ಲಿ ಹಳೆಯ ಪ್ಲೈವುಡ್ ತುಂಡುಗಳಿಗೆ ಹಿಂದೆ ಮರದ ಪಟ್ಟಿ ಹೊಡೆದು ಇಳಿಜಾರು ಹಲಗೆ ಮಾಡಿಕೊಂಡಿದ್ದೇವೆ. ಬೆಂಚಿದ್ದರೂ ಗಮನಿಸಿ: ಆರನೆಯ ತರಗತಿಯ ಮಗುವಿಗೂ ಹತ್ತನೆಯ ತರಗತಿಯ ಹುಡುಗನಿಗೂ ಒಂದೇ ಅಳತೆಯ ಬೆಂಚು ಕೊಟ್ಟಿರುತ್ತಾರೆ.

ಮೂಗು ತಾಗುವಷ್ಟು ಬಗ್ಗಿ ಓದುವ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸಿ. ಕನ್ನಡಕ ಬೇಕಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಬ್ಯಾಗಿನ ಭಾರಕ್ಕೆ ರಾಜ್ಯದಲ್ಲಿ 2019ರಿಂದ ಮಿತಿಯಿದೆ. ಒಂದು ಮತ್ತು ಎರಡನೆಯ ತರಗತಿಗೆ ಗರಿಷ್ಠ 2 ಕಿಲೋ, ಒಂಬತ್ತು ಮತ್ತು ಹತ್ತಕ್ಕೆ 5. ನಮ್ಮ ಮಕ್ಕಳ ತೊಂದರೆ ಭಾರಕ್ಕಿಂತ ಹರಿದ ಪಟ್ಟಿಯದು. ಒಂದೇ ಹೆಗಲಿಗೆ ನೇತುಹಾಕಿಕೊಂಡು ಮೈಲಿಗಟ್ಟಲೆ ನಡೆಯುತ್ತಾರೆ. ಊರಿನ ದರ್ಜಿ ಹತ್ತು ನಿಮಿಷದಲ್ಲಿ ಹೊಲಿದುಕೊಡುತ್ತಾನೆ.

ಹೆಣ್ಣುಮಕ್ಕಳ ಸಂಗತಿ ಬೇರೆ. ಏಳನೆಯ ತರಗತಿಯವರೆಗೆ ಕೊಕ್ಕೊದಲ್ಲಿ ಎದೆಯುಬ್ಬಿಸಿ ಓಡುತ್ತಿದ್ದವಳು ಎಂಟಕ್ಕೆ ಬರುವಾಗ ಹೆಗಲು ಮುಂದಕ್ಕೆ ಮಡಚಿಕೊಂಡಿರುತ್ತಾಳೆ. ಮೈ ಬೆಳೆದಿರುತ್ತದೆ, ಸಮವಸ್ತ್ರ ಹೋದ ವರ್ಷದ್ದು, ಸರಿಯಾದ ಒಳ ಉಡುಪಿಗೆ ಮನೆಯಲ್ಲಿ ದುಡ್ಡಿಲ್ಲ, ಇದ್ದರೂ ಕೇಳಲು ಸಂಕೋಚ. ಅವಳಿಗೆ ಎಲ್ಲರೆದುರು 'ನೆಟ್ಟಗೆ ನಿಲ್ಲು' ಎನ್ನುವುದು ಕ್ರೌರ್ಯ. ಶಿಕ್ಷಕಿಯೊಬ್ಬರಿಗೆ ಹೇಳಿ, ಅವರು ಸದ್ದಿಲ್ಲದೆ ವ್ಯವಸ್ಥೆ ಮಾಡಲಿ.

ನಿಜವಾದ ಕಾಯಿಲೆಯೂ ಇರಬಹುದು. ಹೇಳಿದಾಗ ಬೆನ್ನು ನೆಟ್ಟಗಾದರೆ ಸಾಮಾನ್ಯವಾಗಿ ಅದು ಅಭ್ಯಾಸ. ಎಷ್ಟು ಯತ್ನಿಸಿದರೂ ನೆಟ್ಟಗಾಗದಿದ್ದರೆ ವೈದ್ಯರು ನೋಡಬೇಕು. ಕಾಲು ಜೋಡಿಸಿ ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಂಡರೆ ಬೆನ್ನುಮೂಳೆ ಪಕ್ಕಕ್ಕೆ ವಾಲಿರುವ ಶಂಕೆ. ರಾತ್ರಿ ಬೆನ್ನುನೋವು, ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಮರೆಯಬಾರದು. ನಮ್ಮ ತಾಲ್ಲೂಕಿನಂತೆ ಕೊಳವೆಬಾವಿಯಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರುವ ಕಡೆ ಹಲ್ಲಿನ ಕಂದು ಕಲೆ, ಬಾಗಿದ ಕಾಲುಗಳನ್ನೂ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರಬೇಕು. ಅನುಮಾನವಿರುವ ಮಕ್ಕಳ ಹೆಸರು ಬರೆದಿಟ್ಟು, ತಂಡ ಬಂದ ದಿನ ಮುಖ್ಯ ಶಿಕ್ಷಕರ ಮೂಲಕ ಕೊಡಿ. ಕ್ಷಯದ ಅನುಮಾನವಿದ್ದರೆ ಆ ತಂಡಕ್ಕಾಗಿ ಕಾಯದೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ.