ಕ್ಯಾನಿಸ್ಟರ್ ಬೇಡ, ಸ್ಕಿಮ್ಮರ್ ತಗೊಳ್ಳಿ

ನಮಸ್ಕಾರ ಸರ್. ದಾವಣಗೆರೆ ಮನೆಯಲ್ಲಿ 200 ಲೀಟರ್ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಮೀನು. ಕ್ಯಾನಿಸ್ಟರ್ ಫಿಲ್ಟರ್ (ನೀರು ಸೋಸುವ ಮುಚ್ಚಿದ ಡಬ್ಬ) ಸಾಕಾ, ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಬೇಕಾ ಅಂತ ಕೇಳಿದ್ದೀರಿ. ಒಂದಕ್ಕೇ ದುಡ್ಡಿದ್ದರೆ ಸ್ಕಿಮ್ಮರ್‌ಗೇ ಹಾಕಿ. ಕ್ಯಾನಿಸ್ಟರ್ ಕಸ ಹಿಡಿದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಆಗಾಗ ತೊಳೆಯದಿದ್ದರೆ ಅದು ಅಲ್ಲೇ ಕೊಳೆತು ನೀರಿನಲ್ಲಿ ನೈಟ್ರೇಟ್ ಜಾಸ್ತಿಯಾಗುತ್ತದೆ, ಅದು ಮೀನಿಗೆ ಒಳ್ಳೆಯದಲ್ಲ. ಸ್ಕಿಮ್ಮರ್‌ನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿಕೊಂಡು, ನೊರೆಯಾಗಿ ಏರಿ ಮೇಲಿನ ಕಪ್‌ಗೆ ಬೀಳುತ್ತದೆ. ಡಿಕಾಕ್ಷನ್ ಬಣ್ಣ, ಗಬ್ಬು ವಾಸನೆ. ಅಷ್ಟೂ ಕೊಳೆಯುವ ಮುಂಚೆಯೇ ನೀರಿನಿಂದ ಆಚೆ ಬಂತು ಅಲ್ವಾ? ಸ್ಕಿಮ್ಮರ್ ಪ್ಯಾಕ್ ಮೇಲಿನ ಲೀಟರ್ ಲೆಕ್ಕ ಪೂರ್ತಿ ನಂಬಬೇಡಿ, ಒಂದು ಸೈಜ್ ದೊಡ್ಡದೇ ನೋಡಿ. ಹೊಸದರಲ್ಲಿ ಕೆಲವು ದಿನ ನೊರೆ ಸರಿಯಾಗಿ ಬರುವುದಿಲ್ಲ, ಗಾಬರಿ ಬೇಡ.

ಮೀನಿನ ಗಲೀಜಿನಿಂದ ಬರುವ ವಿಷ, ಅಮೋನಿಯಾ, ಅದನ್ನು ಮಾತ್ರ ಸ್ಕಿಮ್ಮರ್‌ಗೆ ಬಿಡಬೇಡಿ. ಅದನ್ನು ನೋಡಿಕೊಳ್ಳುವುದು ಟ್ಯಾಂಕ್‌ನೊಳಗೆ ಇಡುವ ಕಲ್ಲಿನ ಸಂದುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ರಂಧ್ರ ಜಾಸ್ತಿ ಇರುವ, ತಯಾರಿಸಿದ ಒಣ ಕಲ್ಲು ಸಾಕು. ಸಮುದ್ರದಿಂದ ಕಿತ್ತ ಹವಳ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ ಅನ್ನಿ, ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಉಪ್ಪು ಕಲಸಲು ಬೋರ್ ನೀರು ಬೇಡ, ಆರ್‌ಒ ನೀರೇ ಇರಲಿ. ನಮ್ಮ ಬೇಸಿಗೆಗೆ ಟ್ಯಾಂಕ್ ತಂಪಾಗಿರಲು ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಬೇಕೇ ಬೇಕು. ಕರೆಂಟ್ ಹೋದಾಗ ಸ್ಕಿಮ್ಮರ್ ನಿಂತುಬಿಡುತ್ತದೆ, ನೀರಿಗೆ ಗಾಳಿ ಸಿಗಲು ಬ್ಯಾಟರಿಯ ಏರ್ ಪಂಪ್ ಒಂದನ್ನು ಈಗಲೇ ತಂದಿಡಿ.